ಬಂದೂಕು ಮೇಷ್ಟ್ರು
ನಿವೃತ್ತ ಹವಾಲ್ದಾರರಾದ ಬಂದೂಕು ಮೇಷ್ಟ್ರು ಶಾಲೆ ಶಾಲೆಗೂ ಹೋಗಿ ಮಕ್ಕಳಿಗೆ ಬಂದೂಕಿನಿಂದ ದೂರವಿರುವುದನ್ನು ಕಲಿಸುತ್ತಾರೆ. ಸರ್ವೀಸಿನಲ್ಲಿ ಒಂದು ಕಾಗೆಯನ್ನೂ ಹೊಡೆದವರಲ್ಲ, ಮೀಸೆ ಮಾತ್ರ ನಾಲ್ಕು ಯುದ್ಧ ಗೆದ್ದು ಬಂದಂತಿದೆ. ಕೊಡೆಯನ್ನೂ ನೆಲಕ್ಕೆ ಮುಖಮಾಡಿಯೇ ಹಿಡಿಯುತ್ತಾರೆ. ಹೆಂಡತಿ ಸೌಟು ತೋರಿಸಿ ಮಾತಾಡಿದರೆ, "ಮೊದಲು ಅದನ್ನ ಕೆಳಗಿಳಿಸು, ಆಮೇಲೆ ಬೈ" ಎನ್ನುತ್ತಾರೆ. ತರಗತಿಯಲ್ಲಿ ಮರದ ಬಂದೂಕನ್ನು ಮೇಜಿನ ಮೇಲಿಟ್ಟು, "ಇದು ಕಂಡ್ರೆ ಏನ್ ಮಾಡ್ಬೇಕು?" ಎಂದರೆ ಸಾಕು, ಮಕ್ಕಳು, "ಮುಟ್ಟಬಾರದು, ದೂರ ಹೋಗಿ ದೊಡ್ಡೋರಿಗೆ ಹೇಳ್ಬೇಕು" ಎಂದು ಸೂರು ಹಾರಿಹೋಗುವಂತೆ ಕೂಗುತ್ತಾರೆ. ಕೊನೆಗೆ ಬರುವುದು ಅವರ ಬ್ರಹ್ಮಾಸ್ತ್ರ. ಹಿಂದಿನ ಬೆಂಚಿನಲ್ಲಿ ಆಕಳಿಸುತ್ತ ಕೂತ ಅಪ್ಪಂದಿರ ಎದುರಿಗೇ, "ಮನೇಲಿ ಬಂದೂಕಿಟ್ಟಿರೋ ಬೀರು ಕೀಲಿ ಎಲ್ಲಿ ಬಚ್ಚಿಟ್ಟಿದಾರೆ ಅಂತ ಯಾರ್ಯಾರಿಗೆ ಗೊತ್ತು?" ಎಂದು ಕೇಳುತ್ತಾರೆ. ಪುಟ್ಟ ಕೈಗಳು ಏಳುತ್ತವೆ, ಅಪ್ಪಂದಿರ ಆಕಳಿಕೆ ಅರ್ಧಕ್ಕೇ ನಿಲ್ಲುತ್ತದೆ. "ಮಕ್ಕಳ ಪಾಠ ಆಮೇಲೆ, ಮೊದಲು ಕೀಲಿ ನಿಮ್ಮ ಜೇಬಲ್ಲಿರಲಿ" ಎಂದು ಮೇಷ್ಟ್ರು ಅವರ ನೀರಿಳಿಸುತ್ತಾರೆ. ಮೊನ್ನೆ ತಮ್ಮ ಮನೆಯಲ್ಲೇ ಇರುವ ಮೊಮ್ಮಗಳ ಶಾಲೆಯಲ್ಲೂ ಮೀಸೆ ತಿರುವುತ್ತ ಅದೇ ಪ್ರಶ್ನೆ ಎಸೆದರು. ಎಲ್ಲರಿಗಿಂತ ಮೊದಲು ಎದ್ದದ್ದು ಅವಳದೇ ಕೈ. "ನಮ್ಮನೇದು ಗಡಿಯಾರದ ಹಿಂದೆ, ಅಜ್ಜ," ಎಂದಳು ಹೆಮ್ಮೆಯಿಂದ. ಮೇಷ್ಟ್ರು ಮೀಸೆಯ ಮೇಲಿಂದ ಕೈ ತೆಗೆದರು, ಹಿಂದಕ್ಕೆ ನಡೆದು ಅಪ್ಪಂದಿರ ಬೆಂಚಿನ ತುದಿಯಲ್ಲಿ ಕೂತರು.