ಉಪ್ಪು ಜಾಸ್ತಿ ಎನ್ನುತ್ತಿದ್ದರು

ಮೊದಲು ಹೇಳಿದ್ದು ಸಾರಿನ ಬಗ್ಗೆ. "ಇವತ್ತು ಉಪ್ಪು ಜಾಸ್ತಿ ಆಗಿದೆ ಮಾರಾಯ್ತಿ."

ನಾನು ರುಚಿ ನೋಡಿದೆ. ಸರಿಯಾಗಿಯೇ ಇತ್ತು. ಆದರೆ ನನ್ನ ಗಂಡ ನವಿ ಮುಂಬಯಿಯ ವಾಶಿಯಲ್ಲಿ ಒಂದು ಉಡುಪಿ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ಮ್ಯಾನೇಜರ್ ಆಗಿದ್ದವರು. ಬೆಳಿಗ್ಗೆ ಶಟರ್ ಎತ್ತುವ ಮೊದಲು ಸಾಂಬಾರನ್ನು ಅಂಗೈಗೆ ಬಿಟ್ಟುಕೊಂಡು ಅವರು ರುಚಿ ನೋಡಬೇಕು, ಆಮೇಲೆಯೇ ಅದು ಗಿರಾಕಿಗೆ. ಅಂಥವರ ನಾಲಿಗೆಯ ಮುಂದೆ ನನ್ನದು ಎಷ್ಟರದು? ಮರುದಿನದಿಂದ ಉಪ್ಪು ಕಡಿಮೆ ಹಾಕಿದೆ.

ಹೋಟೆಲಿನಲ್ಲೂ ಅದೇ ಕತೆ. "ಭಟ್ರೇ, ಸಮುದ್ರದ ನೀರಲ್ಲಿ ಬೇಳೆ ಬೇಯಿಸ್ತೀರಾ ಎಂತ?" ಎಂದು ಅಡುಗೆಯವರಿಗೆ ಬೈದದ್ದನ್ನು ಮನೆಗೆ ಬಂದು ನಗುತ್ತಾ ಹೇಳುತ್ತಿದ್ದರು. ಭಟ್ಟರೂ ಉಪ್ಪು ಇಳಿಸಿದರು. ಗಿರಾಕಿಗಳು ಮೇಜಿನ ಮೇಲಿನ ಉಪ್ಪಿನ ಡಬ್ಬಿಗೆ ಕೈ ಹಾಕತೊಡಗಿದರು.

ಅದಕ್ಕೆ ಒಂದು ವರ್ಷ ಮೊದಲು ಕೆಳದವಡೆಯ ಹಲ್ಲಿಗೆ ರೂಟ್ ಕೆನಾಲ್ ಆಗಿತ್ತು, ನಮ್ಮ ಡೊಂಬಿವಲಿ ಸ್ಟೇಷನ್ ಹತ್ತಿರದ ಕ್ಲಿನಿಕ್‌ನಲ್ಲಿ. ತಿಂಗಳೊಳಗೆ ಕ್ಯಾಪ್ ಹಾಕಿಸಬೇಕು, ಆರು ತಿಂಗಳಿಗೆ ಬಂದು ಎಕ್ಸ್‌ರೇ ತೆಗೆಸಬೇಕು ಎಂದು ಡೆಂಟಿಸ್ಟ್ ಹೇಳಿದ್ದರು. ಇವರು ಎರಡಕ್ಕೂ ಹೋಗಲಿಲ್ಲ. "ನೋವೇ ಇಲ್ಲ. ಮತ್ತೆ ಎಂತದ್ದಕ್ಕೆ ಅಲ್ಲಿ ಬಾಯಿ ತೆರೆದು ಕೂರುವುದು?" ನಸುಕಿನ ಲೋಕಲ್ ಟ್ರೈನ್ ಹಿಡಿದು, ಥಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ ವಾಶಿಗೆ ಹೋಗುವ ಮನುಷ್ಯ. ಇರುವ ಒಂದು ರಜೆಯಲ್ಲಿ ನಿದ್ದೆ ಮಾಡಲಿ ಎಂದು ನಾನೂ ಸುಮ್ಮನಾದೆ. ಸಕ್ಕರೆ ಕಾಯಿಲೆ ಇದ್ದವರು ಎಂಬುದನ್ನೂ ಮರೆತೆ.

ಒಸಡಿನ ಮೇಲೆ ಅಕ್ಕಿಕಾಳಿನಷ್ಟು ಒಂದು ಗುಳ್ಳೆ ಇತ್ತು. ಒಡೆಯುತ್ತಿತ್ತು, ಮತ್ತೆ ಬರುತ್ತಿತ್ತು. ನೋಯುತ್ತಿರಲಿಲ್ಲ. ನೋಯದ್ದನ್ನು ನಮ್ಮಂಥವರು ಕಾಯಿಲೆ ಎಂದುಕೊಳ್ಳುವುದಿಲ್ಲ. ಮಗಳು ಮಾತ್ರ ಒಮ್ಮೆ ತೋರಿಸಿ ಬನ್ನಿ ಎಂದು ಬೆನ್ನು ಹತ್ತಿದ್ದಳು. ಇಲ್ಲೇ ಹುಟ್ಟಿದವಳು, ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ. "ಪಪ್ಪಾ, ಏಕ್ ಬಾರ್ ದಿಖಾಕೇ ಆವೋ ನಾ."

"ಸಂಡೇ ನೋಡುವ," ಎನ್ನುತ್ತಿದ್ದರು. ಎಷ್ಟು ಸಂಡೇ ಹೋದವೋ.

ಒಂದು ಗುರುವಾರ ಊಟಕ್ಕೆ ಕೂತವರು ತಲೆ ಎತ್ತಿದರು. "ಇದೆಂತದ್ದು, ಸಪ್ಪೆ! ಉಪ್ಪು ಹಾಕ್ಲಿಕ್ಕೆ ಮರೆತೆಯಾ?"

ನನಗೆ ಖುಷಿಯಾಯಿತು. ನಾಲಿಗೆ ಸರಿಹೋಯಿತು ಎಂದುಕೊಂಡೆ. ಓಡಿಹೋಗಿ ಉಪ್ಪು ತಂದು ಬಡಿಸಿದೆ.

ಶನಿವಾರ ದವಡೆಯ ಕೆಳಗೆ ಊದಿಕೊಂಡಿತು.

ಭಾನುವಾರ ಬೆಳಿಗ್ಗೆ ಬಾಯಿ ಒಂದು ಬೆರಳಿನಷ್ಟೂ ತೆರೆಯಲಿಲ್ಲ. ಮೈ ಸುಡುತ್ತಿತ್ತು. ಎಂಜಲು ನುಂಗಲಾರರು. ಬಾಯಲ್ಲಿ ಬಿಸಿ ಅನ್ನ ಇಟ್ಟುಕೊಂಡವರ ಹಾಗೆ ಮಾತು. ರಿಕ್ಷಾದಲ್ಲಿ ಕಲ್ಯಾಣದ ಆಸ್ಪತ್ರೆಗೆ ಹೋದೆವು. ಸಿಟಿ ಸ್ಕ್ಯಾನ್, ಐಸಿಯು, ಉಸಿರಿಗಾಗಿ ಕುತ್ತಿಗೆಯಲ್ಲಿ ಟ್ಯೂಬ್. ಇನ್‌ಫೆಕ್ಷನ್ ಕುತ್ತಿಗೆಯೊಳಗೆ ಇಳಿದಿದೆ ಎಂದರು. ಆಮೇಲೆ ಡಾಕ್ಟರ್ ನಮ್ಮನ್ನು ಕರೆದು ಕೇಳಿದರು, "ಮುಂಹ್ ಮೇ ನಮಕ್ ಜೈಸಾ ಸ್ವಾದ್ ಆತಾ ಥಾ ಕ್ಯಾ?"

ಬಾಯಲ್ಲಿ ಉಪ್ಪಿನಂಥ ರುಚಿ. ಮಗಳು ನನ್ನ ಮುಖ ನೋಡಿದಳು.

ಹಲ್ಲಿನ ಬೇರಿನ ತುದಿಯಲ್ಲಿ ಉಳಿದಿದ್ದ ಕೀವು ಆ ಗುಳ್ಳೆಯಿಂದ ಬಾಯಿಗೆ ಒಸರುತ್ತಿತ್ತಂತೆ. ದಾರಿ ಇದ್ದುದರಿಂದ ನೋವಿರಲಿಲ್ಲ. ದಾರಿ ಮುಚ್ಚಿದಾಗ ಅದು ಒಳಗೆ ನುಗ್ಗಿತು. ನಾನು ಖುಷಿಪಟ್ಟ ಗುರುವಾರ ಅದು.

ತಿಂಗಳುಗಟ್ಟಲೆ ಅವರು ರುಚಿ ನೋಡಿದ್ದು ತಮ್ಮದೇ ಕೀವನ್ನು.

ನಾಲ್ಕನೇ ದಿನ ಹೋದರು.

ಹದಿಮೂರನೇ ದಿನದ ಅಡುಗೆಗೆ ಭಟ್ಟರೇ ಬಂದಿದ್ದರು. ಸೌಟು ಹಿಡಿದು ನಿಂತವರು ಕಣ್ಣೊರೆಸಿಕೊಂಡರು. "ಅತ್ತಿಗೆ, ಉಪ್ಪು ಒಂದು ದಿನವೂ ಜಾಸ್ತಿ ಆಗಿರ್ಲಿಲ್ಲ. ನನಗೆ ಗೊತ್ತಿತ್ತು. ಅಣ್ಣನಿಗೆ ಎದುರು ಹೇಳುವುದು ಹೇಗೆ?"

ಸಿಟ್ಟು ಬಂತು. ಆದರೆ ಯಾವ ಬಾಯಿಂದ ಬೈಯಲಿ? ನನಗೂ ಗೊತ್ತಿತ್ತಲ್ಲ.

ತಿಂಗಳ ನಂತರ ಆ ಡೆಂಟಿಸ್ಟ್ ಹತ್ತಿರ ಹೋದೆ. ಜಗಳಕ್ಕೆಂದೇ ಹೋದದ್ದು. ಅವರು ಫೈಲ್ ತೆಗೆದು ಎಕ್ಸ್‌ರೇಗೆ ಬರೆದಿಟ್ಟಿದ್ದ ತಾರೀಖು ತೋರಿಸಿದರು. ನನ್ನ ಜಗಳ ಅಲ್ಲಿಗೆ ನಿಂತಿತು. ಕೆಲವೊಮ್ಮೆ ಎಷ್ಟು ಚೆನ್ನಾಗಿ ಮಾಡಿದರೂ ಹಲ್ಲು ಮಾಯುವುದಿಲ್ಲವಂತೆ. ಗುಳ್ಳೆ, ಕೆಟ್ಟ ರುಚಿ, ಕಚ್ಚಿದರೆ ನೋವು, ಯಾವುದು ಕಂಡರೂ ಎಕ್ಸ್‌ರೇ ತೆಗೆಯಬೇಕು. ಮತ್ತೆ ತೆರೆದು ಶುಚಿ ಮಾಡಿ ತುಂಬಬಹುದು. ಅದೂ ಆಗದಿದ್ದರೆ ಕಿತ್ತು ಹಾಕಬಹುದು. ದವಡೆ ಕೆಳಗೆ ಬಾವು ಬಂದರೆ ಒಂದು ದಿನವೂ ಕಾಯಬಾರದು.

ಕಿತ್ತು ಹಾಕಬಹುದಿತ್ತು. ಒಂದು ಹಲ್ಲು.

ನನ್ನ ಬಾಯಲ್ಲೂ ಹಳೆಯ ರೂಟ್ ಕೆನಾಲ್ ಒಂದಿದೆ. ಅವತ್ತೇ ಎಕ್ಸ್‌ರೇ ತೆಗೆಸಿದೆ. ಸರಿಯಾಗಿದೆ ಎಂದರು. ಸಮಾಧಾನವಾಯಿತು. ಹಾಗೆ ಸಮಾಧಾನವಾದದ್ದಕ್ಕೆ ಮನೆ ಮುಟ್ಟುವವರೆಗೂ ನಾಚಿಕೆಯಾಗುತ್ತಿತ್ತು.

ಕಳೆದ ವಾರ ಮಗಳು ಊಟದ ನಡುವೆ, "ಮಮ್ಮಿ, ಆಜ್ ನಮಕ್ ಜ್ಯಾದಾ ಹೈ," ಎಂದಳು. ನಾನು ರುಚಿ ನೋಡಿದೆ. ಇನ್ನೊಮ್ಮೆ ನೋಡಿದೆ.

"ಉಪ್ಪು ಸರಿಯಾಗೇ ಉಂಟು. ಬಾಯಿ ತೆಗಿ."

"ಪಾಗಲ್ ಹೋ ಕ್ಯಾ? ಖಾ ರಹೀ ಹೂಂ."

"ತೆಗಿ ಅಂದೆ."

ಎಂಜಲು ಕೈಯಲ್ಲೇ ಕಿಟಕಿಯ ಬೆಳಕಿಗೆ ತಿರುಗಿ ಬಾಯಿ ತೆರೆದಳು. ಮೊಬೈಲ್ ಟಾರ್ಚ್ ಹಾಕಿ ಒಸಡನ್ನು ಒಂದೊಂದಾಗಿ ನೋಡಿದೆ. ಏನೂ ಇರಲಿಲ್ಲ. ಅವಳು ಉಪ್ಪಿನಕಾಯಿ ಹೆಚ್ಚು ಬಡಿಸಿಕೊಂಡಿದ್ದಳು.