ಗ್ರೀನ್ ಟೀಯೂ ಅರ್ಧ ಇಂಚೂ

ಆ ದರ್ಜಿಗೆ ಬೀದಿಯವರು ಇಟ್ಟ ಹೆಸರು ಅರ್ಧಿಂಚು. ಯಾರಿಗೆ ಏನು ಹೊಲಿದರೂ ಹೊಲಿಗೆಯ ಒಳಗೆ ಧಾರಾಳವಾಗಿ ಬಟ್ಟೆ ಬಿಡುತ್ತಿದ್ದ. ಆಮೇಲೆ ಗಿರಾಕಿ ಉಬ್ಬಿದಂತೆಲ್ಲ ಅರ್ಧರ್ಧ ಇಂಚು ಸಡಿಲಿಸಿಕೊಡುತ್ತಿದ್ದ. "ಮನುಷ್ಯ ಇವತ್ತಿದ್ದ ಹಾಗೆ ನಾಳೆ ಇರ್ತಾನೇನ್ರೀ?" ಎನ್ನುವುದು ಅವನ ವೇದಾಂತ. ಮೂವತ್ತು ವರ್ಷದಲ್ಲಿ ಒಬ್ಬ ಗಿರಾಕಿಯೂ ಸಣ್ಣಗಾಗಿ ಬಂದದ್ದನ್ನು ಆತ ಕಂಡಿರಲಿಲ್ಲ.

ಅಂಥವನ ಮನೆಗೇ ಗ್ರೀನ್ ಟೀ ಬಂತು. ತಂದುಕೊಟ್ಟವಳು ಹೆಂಡತಿಯ ತಂಗಿ. ಡಬ್ಬದ ಮೇಲೆ ಬಳುಕುವ ಸೊಂಟದ ಚಿತ್ರ, ಕೆಳಗೆ 'ಶುದ್ಧ ಗಿಡಮೂಲಿಕೆ'. ಟೀ ಸೊಪ್ಪೂ ಗಿಡದ್ದೇ ತಾನೆ, ಸುಳ್ಳೆನ್ನುವುದು ಹೇಗೆ? ಹಾಲಿಲ್ಲ, ಸಕ್ಕರೆಯಿಲ್ಲ, ಪಾತ್ರೆ ತೊಳೆದ ನೀರಿಗೂ ಇದಕ್ಕಿಂತ ರುಚಿ ಇದ್ದೀತು. ಹೆಂಡತಿ ಮೂಗು ಹಿಡಿದುಕೊಂಡು ದಿನಕ್ಕೆ ಮೂರು ಲೋಟ ಇಳಿಸಿದಳು. ತಿಂಗಳಾದ ಮೇಲೆ ಇಳಿದದ್ದು ಡಬ್ಬದೊಳಗಿನ ಪುಡಿ ಮಾತ್ರ. ಗಂಡನೇ ಹೊಲಿದುಕೊಟ್ಟಿದ್ದ ನೀಲಿ ಗೌನಿನ ಹುಕ್ಕು ಕೂರದೆ ಅವಳು ಗಳಗಳ ಅತ್ತಳು.

ಅವನು ಅವಳ ಕಣ್ಣೊರೆಸಿದ. ಅವಳು ಲೈಬ್ರರಿ ಕೆಲಸಕ್ಕೆ ಹೋದಾಗ ಗೌನಿನ ಪಕ್ಕದ ಹೊಲಿಗೆ ಬಿಚ್ಚಿ, ಅರ್ಧ ಇಂಚು ಸಡಿಲಿಸಿ, ಇಸ್ತ್ರಿ ಮಾಡಿ ನೇತುಹಾಕಿದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

"ರೀ, ನೋಡಿ ಇಲ್ಲಿ, ಸಡಿಲ!" ಎಂದು ಅವಳು ಕನ್ನಡಿ ಮುಂದೆ ಗಿರಗಿರ ತಿರುಗಿದಳು.

"ಹೌದಲ್ಲೇ, ಕಡ್ಡಿ ಆಗ್ಬಿಟ್ಟಿದೀಯ," ಎಂದ ಮಹಾನುಭಾವ. ಮರುತಿಂಗಳು ಇನ್ನರ್ಧ, ಅದರಾಚೆ ತಿಂಗಳು ಮತ್ತರ್ಧ.

ನಾಲ್ಕನೆಯ ತಿಂಗಳು, ಒಂದು ಬೆಳಗ್ಗೆ, ಕಸದ ಬುಟ್ಟಿಯಲ್ಲಿ ಅವಳ ಬಿಪಿ ಮಾತ್ರೆಯ ತುಂಬಿದ ಪಟ್ಟಿ ಸಿಕ್ಕಿತು.

"ಇದ್ಯಾಕೇ ಇಲ್ಲಿದೆ?"

"ತೂಕ ಇಳಿದ್ರೆ ಬಿಪಿನೂ ಇಳಿಯತ್ತೆ ಅಂತ ಡಾಕ್ಟ್ರೇ ಹೇಳಿರ್ಲಿಲ್ವಾ? ಬಿಟ್ಟು ಹತ್ತು ದಿನ ಆಯ್ತು. ಸ್ವಲ್ಪ ತಲೆಸುತ್ತು, ಅಷ್ಟೇ. ಮೈಯೊಳಗಿನ ವಿಷಾನೆಲ್ಲ ಟೀ ಹೊರಗೆ ಹಾಕ್ತಿದೆಯಂತೆ, ತಂಗಿ ಹೇಳಿದ್ಲು."

ಬಿಪಿ ಏರಿ ಅವಳಮ್ಮ ಅಡುಗೆಮನೆಯಲ್ಲಿ ಕುಸಿದವರು ಮತ್ತೆ ಏಳದೇ ಹೋದದ್ದು ಅವನ ಕಣ್ಣೆದುರಿಗೇ. ಮಾಡಿದ್ದುಣ್ಣೋ ಮಹಾರಾಯ! ಬಾಯಿಬಿಟ್ಟರೆ ಸಂಸಾರಕ್ಕೆ ಬೆಂಕಿ, ಬಿಡದಿದ್ದರೆ ಹೆಂಡತಿಯೇ ಉಳಿಯಲಿಕ್ಕಿಲ್ಲ. ಗೌನನ್ನು ತಂದು ಒಳಮಗ್ಗುಲು ತಿರುವಿ ಮೇಜಿನ ಮೇಲೆ ಹರಡಿದ. ಬಿಚ್ಚಿದ ಹೊಲಿಗೆಗಳ ಸೂಜಿತೂತು ಮೂರು ಸಾಲಾಗಿ ಕಾಣುತ್ತಿತ್ತು.

"ಸಣ್ಣಗಾಗಿದ್ದು ನೀನಲ್ಲ ಕಣೇ. ದೊಡ್ಡದಾಗಿದ್ದು ಗೌನು. ನಾನೇ ಬಿಚ್ಚಿದ್ದು. ನೀನು ಅಳೋದು ನೋಡೋಕಾಗ್ಲಿಲ್ಲ."

ಅವಳು ತೂತುಗಳ ಮೇಲೆ ಬೆರಳಾಡಿಸಿದಳು. "ಥೂ, ನಿಮ್ಮ! ಲೈಬ್ರರೀಲಿ ಆರು ಜನಕ್ಕೆ ಆ ಕಹಿನೀರು ಕುಡಿಸಿದೀನಲ್ರೀ!"

ಅವನು ಮಾತ್ರೆ, ನೀರು ಮುಂದೆ ಹಿಡಿದ. "ಮೊದ್ಲು ಇದನ್ನ ನುಂಗು. ಡಾಕ್ಟ್ರ ಹತ್ರ ಹೋಗೋಣ. ದಾರಿಯುದ್ದಕ್ಕೂ ಬೈಯುವಿಯಂತೆ."

ಅವಳು ನುಂಗಿದಳು. ಗೌನನ್ನು ಅವನತ್ತ ತಳ್ಳಿದಳು.

"ಒಳಗೆ ಇನ್ನೂ ಎಷ್ಟು ಬಟ್ಟೆ ಉಳಿದಿದೆ?"

"ಅರ್ಧ ಇಂಚು."

"ಅದನ್ನೂ ಬಿಚ್ಚಿಬಿಡಿ. ಹೋದ ವಾರದಿಂದ ಉಸಿರು ಬಿಗಿಹಿಡ್ಕೊಂಡು ಓಡಾಡ್ತಿದೀನಿ."