ಮಿಸ್ತ್ರಿ ಖಂಡಪ್ಪ ಹೇಳಿದ ಸುಳ್ಳು

ಖಂಡಪ್ಪ ಮಿಸ್ತ್ರಿಯಾದದ್ದು ಕಾಲುವೆ ಕ್ಯಾಂಪಿನ ಜೀಪುಗಳ ಕೆಳಗೆ ಮಲಗಿ. ಅವನಪ್ಪ ಕೃಷ್ಣಾ ದಂಡೆಯ ಹಳ್ಳಿಯಲ್ಲಿ ಮೀನು ಹಿಡಿಯುತ್ತಿದ್ದ. ಮಗನಿಗೆ ಬಲೆ ಹಿಡಿಸಲಿಲ್ಲ. ಕಾಲುವೆಗೆ ನೀರು ಬಿಟ್ಟು ಗುತ್ತೇದಾರರು ಕ್ಯಾಂಪು ಕಿತ್ತಾಗ ಅವನು ಶಹಾಪುರದಲ್ಲೇ ಉಳಿದು, ಸುರಪುರ ರಸ್ತೆಯ ಬದಿಗೆ ತಗಡಿನ ಶೆಡ್ ಹಾಕಿಕೊಂಡ. ಸುತ್ತಲ ಹಳೇ ಕಾರುಗಳೆಲ್ಲ ಅವನ ಹತ್ತಿರವೇ ಬರುತ್ತಿದ್ದವು. ಅವುಗಳಲ್ಲಿ ಎಲ್ಲಕ್ಕಿಂತ ಹಳೆಯದು ಮರಿಲಿಂಗಪ್ಪನ ಅಂಬಾಸಿಡರ್. ಹೈದರಾಬಾದಿನ ಯಾರೋ ವಕೀಲರು ಓಡಿಸಿ ಬಿಟ್ಟ ಮೊದಲ ಕಾಲದ ಗಾಡಿ ಅದು. ಮರಿಲಿಂಗಪ್ಪ ಅದನ್ನು ಬಾಡಿಗೆಗೆ ಹೊಡೆಯುತ್ತಿದ್ದ. ಮದುವಣಗಿತ್ತಿಯರು, ಬಾಣಂತಿಯರು, ಆಸ್ಪತ್ರೆಯಿಂದ ಮರಳುವ ಹೆಣಗಳು, ಎಲ್ಲಕ್ಕೂ ಅದೇ ಗಾಡಿ.

ಅವತ್ತು ಮರಿಲಿಂಗಪ್ಪ ಬೆಳಿಗ್ಗೆಯೇ ಬಂದು ಗಾಡಿ ನಿಲ್ಲಿಸಿದ.

‘ಖಂಡಪ್ಪಣ್ಣ, ಟ್ಯೂನಿಂಗ್ ಮಾಡಿಬಿಡು. ಪೂರಾ ಮಾಡು, ಒಂದೂ ಬಿಡಬ್ಯಾಡ.’

‘ಓಡಾಕತ್ತದಲ್ಲೋ ಛಲೋನ. ಏನ್ ಅವಸರ?’

‘ಯಾರ ಕೈಗೆ ಹೋದ್ರೂ ನಡೀಬೇಕು ನೋಡು.’

ಮಾರುವ ವಿಚಾರವಿರಬೇಕು ಎಂದುಕೊಂಡ ಖಂಡಪ್ಪ. ನಾಲ್ಕೂ ಪ್ಲಗ್ ಬಿಚ್ಚಿ ಮಸಿ ಉಜ್ಜಿದ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಸುಟ್ಟ ಪಾಯಿಂಟುಗಳನ್ನು ಉಪ್ಪುಕಾಗದದಲ್ಲಿ ತಿಕ್ಕಿ, ನಡುವಿನ ಸಂದು ಅಳತೆಗೆ ತಂದ. ಟ್ಯಾಪೆಟ್ ನೋಡಿದ, ಕಾರ್ಬೊರೇಟರಿನ ಜೆಟ್ ಊದಿದ. ಎಕ್ಸಲೇಟರನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಸಡಿಲಾಗಿತ್ತು, ಹೊಸದು ಸಿಕ್ಕಿಸಿದ. ಕೊನೆಗೆ ಎಂಜಿನ್ ಚಾಲೂ ಮಾಡಿ, ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಾನಿಸಿಕೊಂಡು, ಸದ್ದು ಒಂದೇ ಸಮ ಬರುವ ತನಕ ತಿರುಪು ತಿರುಗಿಸುತ್ತ ಕೂತ. ಬಾನೆಟ್ ಮುಚ್ಚಿ ಮೇಲಿಟ್ಟ ಚಹಾದ ಲೋಟ ಅಲುಗಲಿಲ್ಲ. ಮರಿಲಿಂಗಪ್ಪ ಅದನ್ನೇ ನೋಡುತ್ತ ನಿಂತಿದ್ದ. ಕೆಲಸ ಮುಗಿದ ಮೇಲೂ ಅವನು ಹೋಗಲಿಲ್ಲ. ಕಲ್ಲಿನ ಮೇಲೆ ಕೂತು ಒಂದರ ಹಿಂದೊಂದು ಬೀಡಿ ಸೇದಿದ. ಬೇರೆ ಗಿರಾಕಿ ಬಂದಿದ್ದರಿಂದ ಖಂಡಪ್ಪ ಅವನನ್ನು ಹೆಚ್ಚು ಮಾತಾಡಿಸಲಿಲ್ಲ.

ಮರುದಿನ ಎಮ್ಮೆ ಮೈ ತೊಳೆಯಲು ಹೋದವರಿಗೆ ಕಾಲುವೆಯ ನೀರಿನಲ್ಲಿ ಕಾರಿನ ಟಾಪು ಕಂಡಿತು. ಖಂಡಪ್ಪ ಅಲ್ಲಿಗೆ ಮುಟ್ಟುವ ಹೊತ್ತಿಗೆ ಈಜುಗಾರರು ಬಾಗಿಲು ತೆಗೆದು ಮರಿಲಿಂಗಪ್ಪನನ್ನು ಏರಿಯ ಮೇಲೆ ಮಲಗಿಸಿದ್ದರು. ಹೆಂಡತಿ ಹಂಪಮ್ಮ ಅಳುತ್ತಿರಲಿಲ್ಲ. ಗಂಡನ ಕಾಲಿನ ಕೆಸರನ್ನು ಸೆರಗಿನಿಂದ ಒರೆಸುತ್ತ ಕೂತಿದ್ದಳು. ಅವಳ ಬೆನ್ನಿಗೆ ಮಗಳು ಶೇಖಮ್ಮ.

ಗಾಡಿ ಎಳೆಯಲು ಟ್ರ್ಯಾಕ್ಟರ್ ಬಂದಿತ್ತು. ಸರಪಳಿ ಎಲ್ಲಿ ಕಟ್ಟಬೇಕೆಂದು ಗೊತ್ತಿದ್ದವನು ಖಂಡಪ್ಪ ಒಬ್ಬನೇ. ಎದೆಮಟ್ಟದ ನೀರಿಗಿಳಿದು ಸರಪಳಿ ಬಿಗಿದ. ಎಳೆಯುವ ಮೊದಲು ಗೇರು ನ್ಯೂಟ್ರಲ್‌ಗೆ ತರಬೇಕೆಂದು ಬಾಗಿಲೊಳಗೆ ಕೈ ಹಾಕಿದ. ಗೇರು ಆಗಲೇ ನ್ಯೂಟ್ರಲ್‌ನಲ್ಲಿತ್ತು. ಹ್ಯಾಂಡ್‌ಬ್ರೇಕ್ ಬಿಟ್ಟಿತ್ತು. ಬೆರಳುಗಳು ಕೀಲಿ ತಡವಿದವು. ಕೀಲಿ ಬಂದ್ ಆಗಿತ್ತು.

ಓಡುವ ಗಾಡಿ ಕಾಲುವೆಗೆ ಬಿದ್ದಿದ್ದರೆ ಕೀಲಿಯನ್ನು ಬಂದ್ ಮಾಡಿದವರು ಯಾರು? ಖಂಡಪ್ಪನಿಗೆ ತಿಳಿದುಹೋಯಿತು. ಎಮ್ಮೆ ಇಳಿಸುವ ಇಳಿಜಾರಿನ ತುದಿಯಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಬ್ರೇಕ್ ಬಿಟ್ಟು, ಸ್ಟಿಯರಿಂಗ್ ಹಿಡಿದು ಸುಮ್ಮನೆ ಕೂತಿದ್ದಾನೆ ಮರಿಲಿಂಗಪ್ಪ.

ಏರಿಯ ಮೇಲೆ ಮಾತು ಶುರುವಾಗಿತ್ತು.

‘ಬೇಕಂತನ ಇಳಿಸ್ಯಾನ್ರೀ. ಇಲ್ಲಂದ್ರ ಈ ಕಡಿ ಯಾಕ ಬರ್ತಿದ್ದ?’

‘ಮನ್ಯಾಗ ಏನರ ಆಗಿರಬೇಕು. ಹೆಣ್ಮಗಳು ಬ್ಯಾರೆ ಬೆಳದು ನಿಂತಾಳ.’

ಹುಣಸಗಿಯಿಂದ ಶೇಖಮ್ಮನ ಗಂಡಿನ ಕಡೆಯವರು ಬಂದಿದ್ದರು, ನಿಶ್ಚಯವಾದ ಸಂಬಂಧ. ಹುಡುಗನ ತಂದೆ ಭಾಗಣ್ಣ ಆ ಮಾತು ಕೇಳಿ ಶೇಖಮ್ಮನ ಕಡೆ ಅನುಮಾನದಿಂದ ತಿರುಗಿ ನೋಡಿದ. ಆ ನೋಟ ನೀರಿನಲ್ಲಿ ನಿಂತ ಖಂಡಪ್ಪನಿಗೂ ಕಂಡಿತು. ಅವನು ಒಳಗಿದ್ದ ಕೈಯಿಂದ ಕೀಲಿಯನ್ನು ಚಾಲೂ ಕಡೆಗೆ ತಿರುಗಿಸಿ ಕೈ ಹೊರಗೆ ತೆಗೆದ.

ಗಾಡಿ ಮೇಲೆ ಬಂತು. ಪೊಲೀಸರು ಬಾನೆಟ್ ಎತ್ತಲು ಹೇಳಿದರು. ಖಂಡಪ್ಪ ಎತ್ತಿ, ತಲೆ ಒಳಗೆ ಹಾಕಿ, ನಿನ್ನೆ ತಾನೇ ಸಿಕ್ಕಿಸಿದ ಸ್ಪ್ರಿಂಗನ್ನು ಕಿತ್ತು ಮುಷ್ಟಿಯಲ್ಲಿ ಮುಚ್ಚಿಕೊಂಡ.

‘ಏನಾಗ್ಯದ?’

‘ಎಕ್ಸಲೇಟರ್ ಸ್ಪ್ರಿಂಗ್ ಹಾರಿಹೋಗ್ಯದ್ರಿ ಸಾಹೇಬ್ರ. ಕಾಲು ತಗದ್ರೂ ಗಾಡಿ ಓಡತಾನೇ ಇರ್ತದ. ಪಾಪ, ಅಂವಾ ಏನ್ ಮಾಡ್ಯಾನು?’

‘ಟ್ಯೂನಿಂಗ್ ಯಾರು ಮಾಡಿದ್ದು?’

‘ನಾನೇರಿ. ಸ್ಪ್ರಿಂಗ್ ಸಡ್ಲ ಇತ್ತು. ಇನ್ನಷ್ಟ್ ದಿನ ನಡೀತದ ಅಂತ ಹಂಗ ಬಿಟ್ಟೆ. ತಪ್ಪು ನಂದದ.’

ಅದನ್ನು ಕೇಳಿದ್ದೇ ಮರಿಲಿಂಗಪ್ಪನ ತಮ್ಮ ಹಣಮಂತ್ರಾಯ ಡಿಕ್ಕಿಯಿಂದ ಜಾಕ್ ರಾಡ್ ಎಳೆದುಕೊಂಡು ಮೇಲೆ ಬಿದ್ದ. ಪೊಲೀಸರು ಬಿಡಿಸುವಷ್ಟರಲ್ಲಿ ಖಂಡಪ್ಪನ ಬಲಗೈಯ ಬೆರಳುಗಳು ಜಜ್ಜಿ ಹೋಗಿದ್ದವು. ಎಡಗೈಯ ಮುಷ್ಟಿಯನ್ನು ಅವನು ಆಗಲೂ ಬಿಚ್ಚಿರಲಿಲ್ಲ.

ಠಾಣೆಯವರು ಅವನನ್ನು ಕೂಡಿಸಿಕೊಂಡು ಬೈದು, ಕೊನೆಗೆ ಬಿಟ್ಟರು. ಊರಿನವರು ಬಿಡಲಿಲ್ಲ. ಗಾಡಿಗಳು ಅವನ ಶೆಡ್ ದಾಟಿ ಬಸ್‌ಸ್ಟ್ಯಾಂಡ್ ಹತ್ತಿರದ ಹೊಸ ಗ್ಯಾರೇಜಿಗೆ ಹೋಗತೊಡಗಿದವು. ಬಂದಿದ್ದರೂ ಉಪಯೋಗವಿರಲಿಲ್ಲ, ಸೆಟೆದ ಬೆರಳುಗಳಿಗೆ ಪಾಯಿಂಟಿನ ಸಂದು ತಿಳಿಯುತ್ತಿರಲಿಲ್ಲ. ನಿಜ ಹೇಳಿದ್ದು ಹೆಂಡತಿ ಬಾಲಮ್ಮನಿಗೆ ಮಾತ್ರ.

‘ಸತ್ತಂವ ಸತ್ತ. ನೀ ಯಾಕ ಅವನ ಕೂಡ ಸಾಯಾಕತ್ತಿ?’ ಎಂದು ಅವಳು ಕೇಳಿದಳು.

‘ಆ ಹುಡುಗಿ ಲಗ್ನ ಆಗಲಿ ತಡಿ.’

ಶೇಖಮ್ಮನ ಲಗ್ನವಾಯಿತು. ಖಂಡಪ್ಪನ ಮನೆಗೆ ಕರೆ ಬರಲಿಲ್ಲ. ಅವನು ಶೆಡ್ ಕಿತ್ತು, ಕಾಲುವೆ ಕೆಳಗಿನ ಭತ್ತದ ಗದ್ದೆಗಳಲ್ಲಿ ಕೂಲಿಗೆ ನಿಂತ. ರಸ್ತೆಯಲ್ಲಿ ಎದುರಾದರೆ ಹಂಪಮ್ಮ ಮುಖ ತಿರುಗಿಸಿ ಉಗುಳಿ ಹೋಗುತ್ತಿದ್ದಳು. ಅದನ್ನು ಅವನು ಸಹಿಸಿದ. ಸಹಿಸಲಾಗದೆ ಹೋದದ್ದು ಆ ಬೆಳಗು. ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದವನನ್ನು ‘ಏನಾಗ್ಯದೋ ತಮ್ಮಾ’ ಎಂದು ಒಂದು ಮಾತು ಕೇಳಿದ್ದರೆ? ಗದ್ದೆಯ ಕೆಸರಿನಲ್ಲಿ ಬಗ್ಗಿದಾಗಲೆಲ್ಲ ಅದೇ ನೆನಪು.

ಮೂರನೇ ವರ್ಷ ಕೆಂಭಾವಿ ಸಂತೆಯಲ್ಲಿ ಹಂಪಮ್ಮ ಎಲ್ಲರೆದುರಿಗೆ ಉಗುಳಿದಾಗ ಬಾಲಮ್ಮನ ತಾಳ್ಮೆಯ ಕಟ್ಟೆ ಒಡೆಯಿತು. ಹಂಪಮ್ಮನ ರಟ್ಟೆ ಹಿಡಿದು ಗಾಡಿಗಳ ಮರೆಗೆ ಎಳೆದೊಯ್ದು, ಕೀಲಿ, ಗೇರು, ಸ್ಪ್ರಿಂಗ್ ಎಲ್ಲ ಹೇಳಿಬಿಟ್ಟಳು.

ಹಂಪಮ್ಮ ಕೈ ಬಿಡಿಸಿಕೊಳ್ಳಲಿಲ್ಲ.

‘ನನಗ ಅವತ್ತೇ ಗೊತ್ತಿತ್ತವ್ವಾ’ ಎಂದಳು. ‘ಮನಿ ಬಿಡೂಮುಂದ ಉಂಗುರ, ಗಡಿಯಾರ ಬಿಚ್ಚಿ ಜಗಲಿ ಮ್ಯಾಲ ಇಟ್ಟು ಹೋಗಿದ್ದ. ನಿನ್ನ ಗಂಡ ಏನ್ ಮಾಡ್ಯಾನ ಅನ್ನೂದೂ ತಿಳದದ.’

‘ಮತ್ತ ಯಾಕ ಉಗಳ್ತೀ?’

‘ಉಗಳೂದು ಬಿಟ್ರ ಮಂದಿ ಯಾಕಂತ ಕೇಳ್ತಾರ. ನನ್ನ ಮಗಳು ಬಸರಿ ಅದಾಳ. ಆ ಮನ್ಯಾಗ ಬಾಳ್ವಿ ಮಾಡಬೇಕು.’ ಸೆರಗಿನಿಂದ ಬಾಯಿ ಒರೆಸಿಕೊಂಡಳು. ‘ನಿನ್ನ ಗಂಡಗ ಹೇಳು, ಇನ್ನಾ ಒಂದಿಷ್ಟು ದಿನ ತಡಕೋ ಅಂತ.’

ಬಾಲಮ್ಮ ಮನೆಗೆ ಬಂದು ಅಷ್ಟನ್ನೂ ಹೇಳಿದಳು. ಖಂಡಪ್ಪ ರೊಟ್ಟಿ ಮುರಿಯುತ್ತಿದ್ದವನು ಕೈ ನಿಲ್ಲಿಸಿ ಕೇಳಿದ.

‘ಹುಡುಗಿ ಆರಾಮ ಅದಾಳಂತ?’

‘ಅದಾಳಂತ.’

ಅವನು ಸೆಟೆದ ಬೆರಳುಗಳಿಂದ ಜಾರಿದ ರೊಟ್ಟಿಯ ಚೂರನ್ನು ಎಡಗೈಯಿಂದ ಎತ್ತಿಕೊಂಡು ಉಣ್ಣತೊಡಗಿದ.